ತಪ್ಪು ಹೇಳಿದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಮೊಬೈಲಿಗೆ ಬಂತು. ಸುದ್ದಿಯ ಬೆನ್ನಿಗೇ ಯಾರೋ ಪುಣ್ಯಾತ್ಮರು ಒಂದು ವಿಡಿಯೋ ತುಣುಕನ್ನೂ ಕಳಿಸಿದ್ದರು. ಸುತ್ತ ಗುಲಾಬಿ ಹೂವಿನ ಚೌಕಟ್ಟು, ಮೇಲೆ ಓಂ ಶಾಂತಿ. ನಡುವೆ ಅಕ್ಕೋರು ನೀರಿನ ತಾಟಿನಲ್ಲಿ ಉರಿಯುತ್ತಿರುವ ಮೇಣದಬತ್ತಿಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುತ್ತಿದ್ದಾರೆ. ಬತ್ತಿ ಆರುತ್ತದೆ. ಕುಂಕುಮ ಕಲಸಿದ ಕೆಂಪು ನೀರು ಲೋಟದೊಳಗೆ ಏರುತ್ತದೆ. ಅಕ್ಕೋರು ನಗುತ್ತ, "ನೋಡಿದಿರಾ ಮಕ್ಕಳೇ? ಲೋಟದೊಳಗಿನ ಆಮ್ಲಜನಕ ಸುಟ್ಟು ಖಾಲಿಯಾಯಿತು. ಆ ಖಾಲಿ ಜಾಗಕ್ಕೆ ನೀರು ಏರಿತು" ಎನ್ನುತ್ತಾರೆ.

ಅವರು ಬದುಕಿನಲ್ಲಿ ಆಡಿದ ಅಷ್ಟೂ ಮಾತುಗಳಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒದ್ದಾಡಿದ್ದು ಈ ಒಂದೇ ಮಾತನ್ನು. ಶ್ರದ್ಧಾಂಜಲಿಗೆ ಜನಕ್ಕೆ ಸಿಕ್ಕಿದ್ದೂ ಅದೇ. ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ ಸಿಟ್ಟಾಗಲಿ? ಆ ಮಾತನ್ನು ಬರೆದುಕೊಟ್ಟವನು ನಾನು. ತಿದ್ದುತ್ತೇನೆ ಎಂದು ಹೇಳಿ ತಿದ್ದದೆ ಉಳಿದವನೂ ನಾನೇ.

ನಮ್ಮ ಕಡೆ ಪ್ರಾಥಮಿಕ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಈಗೀಗ ಹೊಸಬರೆಲ್ಲ ಮೇಡಂ ಆಗಿದ್ದಾರೆ. ಇವರು ಕೊನೆಯವರೆಗೂ ಅಕ್ಕೋರಾಗಿಯೇ ಉಳಿದರು. ಹೊಸದಾಗಿ ಬಂದ ಮಾಸ್ತರೊಬ್ಬರು ಮೇಡಂ ಎಂದಾಗ, "ಹಂಗ ಅನಬ್ಯಾಡ್ರಿ. ನನ್ನ ಹಿಂದ ಯಾರರ ನಿಂತಾರೇನ ಅಂತ ತಿರುಗಿ ನೋಡಬೇಕನಸ್ತೈತಿ" ಎಂದಿದ್ದರು. ಕುಳ್ಳಗೆ, ಗುಂಡಗೆ ಇದ್ದರು. ನಡೆಯುವಾಗ ಯಾವಾಗಲೂ ಬಸ್ಸು ತಪ್ಪಿಹೋಗುತ್ತಿದೆ ಎಂಬಂಥ ಅವಸರ. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರೊಳಗೆ ಕಡ್ಡಿಪೆಟ್ಟಿಗೆ, ಅಯಸ್ಕಾಂತ, ಬಲೂನು, ಲಿಂಬೆಹಣ್ಣು, ತುಕ್ಕು ಹಿಡಿದ ಮೊಳೆ. ಅವರು ಸಂತೆಗೆ ಹೋದರೂ ಅದೇ ಚೀಲ ಹೋಗುತ್ತಿತ್ತಂತೆ. ಮನೆಗೆ ಬಂದು ನೋಡಿದರೆ ಬದನೆಕಾಯಿಗೆ ಮೊಳೆ ಚುಚ್ಚಿಕೊಂಡಿರುತ್ತಿತ್ತಂತೆ.

ಅವರ ಪಾಠವನ್ನು ನಾನು ಮೊದಲು ಕಂಡದ್ದು ರೋಣದಲ್ಲಿ, ಅವರ ಸಾಲಿಗೆ ಯಾವುದೋ ತರಬೇತಿಯ ಕೆಲಸಕ್ಕೆ ಹೋದಾಗ. ಪ್ರಯೋಗ ಮಾಡುವ ಮುಂಚೆ ಅವರು ಹುಡುಗರನ್ನು ಕೇಳುತ್ತಿದ್ದರು, "ಈಗ ಏನ್ ಆಕ್ಕೈತಿ, ಹೇಳ್ರಿ ನೋಡೂಣು." ಒಬ್ಬೊಬ್ಬರೂ ಹೇಳಲೇಬೇಕು. ಸುಮ್ಮನೆ ಕೂತವರಿಗೆ ಬಿಡುಗಡೆಯಿಲ್ಲ. "ತಪ್ಪ ಹೇಳಿದ್ರ ತಿದ್ದಬಹುದು. ಸುಮ್ಮ ಕುಂತ್ರ ಏನ್ ತಿದ್ದೂದು?" ಇದು ಅವರ ಕಾಯಂ ಮಾತು. ಪ್ರಯೋಗವಾದ ಮೇಲೆ ಸರಿ ಹೇಳಿದವರನ್ನು ಬಿಟ್ಟು, ತಪ್ಪು ಹೇಳಿದವರ ಹತ್ತಿರ ಹೋಗಿ, ಹಾಗೆ ಯಾಕೆ ಅನ್ನಿಸಿತು ಎಂದು ಕೇಳುತ್ತ ನಿಲ್ಲುತ್ತಿದ್ದರು. ಸರಿ ಹೇಳಿದ ಜಾಣರು ಮುಖ ಸಪ್ಪೆ ಮಾಡಿಕೊಂಡು ಕೂರುತ್ತಿದ್ದರು.

ಸಾಲಿಗಳೆಲ್ಲ ಬೀಗ ಹಾಕಿಕೊಂಡು ಕೂತ ಆ ರೋಗದ ಕಾಲದಲ್ಲಿ, ಮಕ್ಕಳಿಗೆ ಟಿವಿಯಲ್ಲಿ ಪಾಠ ಹೇಳಬೇಕೆಂಬ ಯೋಚನೆ ನಮ್ಮ ಶಿಕ್ಷಣ ಇಲಾಖೆಗೆ ಬಂತು. ಒಂದು ಸಣ್ಣ ವಾಹಿನಿ ಬೆಳಗಿನ ಹೊತ್ತು ಅರ್ಧ ತಾಸು ಬಿಟ್ಟುಕೊಟ್ಟಿತು. ಹೈಸ್ಕೂಲಿನ ವಿಜ್ಞಾನ ಮಾಸ್ತರನಾಗಿದ್ದ ನನ್ನನ್ನು ಅದನ್ನು ಬರೆದು ಮಾಡಿಸುವ ಕೆಲಸಕ್ಕೆ ಹಾಕಿದರು. ನನಗೆ ಟಿವಿ ಗೊತ್ತಿರಲಿಲ್ಲ, ಟಿವಿಯವರಿಗೆ ವಿಜ್ಞಾನ ಗೊತ್ತಿರಲಿಲ್ಲ. ಹೀಗಾಗಿ ಒಬ್ಬರಿಗೊಬ್ಬರು ಬಹಳ ಗೌರವ ಕೊಡುತ್ತಿದ್ದೆವು. ಪ್ರಯೋಗ ಮಾಡಿ ತೋರಿಸಲು ಯಾರು ಎಂದು ಕೇಳಿದಾಗ ನಾನು ಎರಡನೇ ಯೋಚನೆ ಮಾಡದೆ ಅಕ್ಕೋರ ಹೆಸರು ಹೇಳಿದೆ. ಅದೊಂದು ಕೆಲಸವನ್ನು ಮಾತ್ರ ನಾನು ಸರಿಯಾಗಿ ಮಾಡಿದೆ ಎಂದು ಈಗಲೂ ಅನ್ನಿಸುತ್ತದೆ.

ಚಿತ್ರೀಕರಣಕ್ಕೆ ಗಜೇಂದ್ರಗಡದಲ್ಲಿ ನೇಕಾರರ ಓಣಿಯ ಒಂದು ಸಾಲಿ ಸಿಕ್ಕಿತು. ಕೋಣೆ ದೊಡ್ಡದು, ಬೆಳಕು ಚಲೋ. ಆದರೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೈಮಗ್ಗ. ಮೈಕು ಹಚ್ಚಿದರೆ ಅಕ್ಕೋರ ದನಿಗಿಂತ ಮೊದಲು ಲಟಕ್ ಪಟಕ್ ಕೇಳಿಸುತ್ತಿತ್ತು. ಕ್ಯಾಮೆರಾದ ಬಸು, ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿರೆಂದು ಹೇಳಿಬರುತ್ತೇನೆ ಎಂದು ಹೊರಟ. ಅಕ್ಕೋರು ಅವನ ತೋಳು ಹಿಡಿದು ನಿಲ್ಲಿಸಿದರು. "ಅವ್ರ ಕೈ ನಿಂತ್ರ ಅವ್ರ ಕೂಲಿ ನಿಂತಂಗ. ಅವ್ರು ಊಟಕ್ಕ ಏಳ್ತಾರಲ್ಲ, ಆವಾಗ ಮಾಡೂಣು." ಅಂದಿನಿಂದ ನಮ್ಮ ಚಿತ್ರೀಕರಣದ ಮುಹೂರ್ತ ನೇಕಾರರ ಊಟದ ಹೊತ್ತಾಯಿತು. ಮಗ್ಗ ನಿಂತ ಕೂಡಲೇ ನಾವು ಓಡಿ ಜಾಗ ಹಿಡಿಯಬೇಕು. ಮತ್ತೆ ಮಗ್ಗ ಶುರುವಾಗುವುದರೊಳಗೆ ಪಾಠ ಮುಗಿಯಬೇಕು. ನಮ್ಮ ಊಟ ಮಾತ್ರ ದಿನಾ ತಣ್ಣಗಾಗುತ್ತಿತ್ತು.

ಮೊದಲ ದಿನವೇ ಒಂದು ಫಜೀತಿ. ಅಕ್ಕೋರು ಆ ಓಣಿಯ ನೇಕಾರನೊಬ್ಬನ ಹತ್ತಿರ ಹೊಸ ಸೀರೆ ಕೊಂಡು ಉಟ್ಟುಕೊಂಡು ಬಂದಿದ್ದರು. ಬಹಳ ಸಣ್ಣ ಚೌಕಳಿ. ಆತ ತನ್ನ ಸೀರೆ ಟಿವಿಯಲ್ಲಿ ಬರುತ್ತದೆಂದು ಓಣಿಗೆಲ್ಲ ಹೇಳಿಕೊಂಡಿದ್ದ. ಕ್ಯಾಮೆರಾದಲ್ಲಿ ನೋಡಿದರೆ ಆ ಚೌಕಳಿಗಳು ಇರುವೆ ಮುತ್ತಿದ ಹಾಗೆ ಪಿಳಿಪಿಳಿ ಓಡಾಡುತ್ತಿದ್ದವು. ಸೀರೆ ಬದಲಿಸಲೇಬೇಕಾಯಿತು. ಆ ಮನುಷ್ಯನಿಗೆ ಹೇಳುವವರು ಯಾರು ಎಂದು ನಾವು ನೆಲ ನೋಡುತ್ತಿದ್ದಾಗ ಅಕ್ಕೋರೇ ಅವನ ಮನೆಗೆ ಹೋದರು. "ನಿಮ್ಮ ನೇಯ್ಗಿ ಭಾಳ ಸಣ್ಣಂದ ಐತ್ರೀಪಾ. ನಮ್ಮ ಕ್ಯಾಮೆರಾ ಅಗ್ಗದ್ದು, ಅಷ್ಟು ಸಣ್ಣಂದು ಅದರ ಕಣ್ಣಿಗೆ ಹಿಡೀವಲ್ದು" ಎಂದರು. ಆತ ಕ್ಯಾಮೆರಾದ ಬಗ್ಗೆ ಮರುಕಪಟ್ಟು, ಚಹಾ ಕುಡಿಸಿ ಕಳಿಸಿದ. ಬಸುಗೆ ಮಾತ್ರ ತನ್ನ ಕ್ಯಾಮೆರಾವನ್ನು ಅಗ್ಗದ್ದೆಂದರೆಂದು ಎರಡು ದಿನ ಸಿಟ್ಟಿತ್ತು.

ಹಾಗೆಂದು ಅಕ್ಕೋರು ಬರೀ ಸಾಧು ಸ್ವಭಾವದವರು ಎಂದುಕೊಳ್ಳಬೇಡಿ. ಟಿವಿಯಲ್ಲಿ ಬರುವುದು ಅವರಿಗೆ ಒಳಗೊಳಗೇ ಬಹಳ ಇಷ್ಟವಾಗಿತ್ತು. ಮೊದಲ ಕಂತು ಬಂದ ವಾರವೇ ಕನ್ನಡಕದ ಚೌಕಟ್ಟು ಬದಲಾಯಿತು. ಯಾರಾದರೂ ನಡುವೆ ಕೆಮ್ಮಿದರೆ ಕಣ್ಣಲ್ಲೇ ಸುಟ್ಟುಬಿಡುವವರಂತೆ ನೋಡುತ್ತಿದ್ದರು. ನಾನು ಬರೆದ ಭಾಷೆಯ ಮೇಲಂತೂ ದಿನಾ ತಕರಾರು. "'ನೋಡಿದಿರಾ ಮಕ್ಕಳೇ' ಅಂತ ಯಾವ ಅಕ್ಕೋರು ಅಂತಾರ್ರಿ ಸರ? ನಾ ಹಂಗಂದ್ರ ನಮ್ಮ ಹುಡುಗೂರು ಯಾರೋ ಬೀಗರು ಬಂದಾರಂತ ಎದ್ದು ನಿಲ್ತಾವು." ಆದರೂ ಟಿವಿ ಎಂದರೆ ಹಾಗೇ ಇರಬೇಕೆಂದು ನಾನು ಹಟ ಹಿಡಿದೆ. ಅವರು ಒಪ್ಪಿಕೊಂಡರು. ನಾನು ಹೈಸ್ಕೂಲಿನವನು, ಅವರು ಪ್ರಾಥಮಿಕದವರು. ಆ ಒಂದು ಮೆಟ್ಟಿಲನ್ನು ಅವರು ಗೌರವದಿಂದ ನೋಡುತ್ತಿದ್ದರು, ನಾನು ಅದರ ಮೇಲೆ ನಿಂತು ಮಾತಾಡುತ್ತಿದ್ದೆ.

ಅವರ ನಿಜವಾದ ಕಷ್ಟ ಬೇರೆಯಿತ್ತು. ಎದುರಿಗೆ ಮಕ್ಕಳಿಲ್ಲ. "ಯಾರ ಮಾರಿ ನೋಡಿ ಹೇಳ್ಲಿ?" ಎಂದು ಕೇಳಿದರು. ಕ್ಯಾಮೆರಾವನ್ನೇ ನೋಡಿ ಎಂದೆ. "ಆ ಕರಿ ಕಣ್ಣಿಗೆ ತಿಳೀತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಕೈ ಕಟ್ಟಿ ನಿಂತರು. ಕೊನೆಗೆ ಆ ಸಾಲಿಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಶಾಂತವ್ವನನ್ನು ಕರೆತಂದು ಕ್ಯಾಮೆರಾದ ಕೆಳಗೆ ಒಂದು ಮಣೆ ಹಾಕಿ ಕೂರಿಸಿದೆವು. ಅಕ್ಕೋರು ಅಷ್ಟೂ ಪಾಠಗಳನ್ನು ಹೇಳಿದ್ದು ಶಾಂತವ್ವನ ಮುಖಕ್ಕೆ. ಶಾಂತವ್ವ ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಬಿಡಿಸಿ ಹೇಳುತ್ತಿದ್ದರು. ಆಕೆ ತಲೆಯಾಡಿಸಿದರೆ ಮುಂದಕ್ಕೆ. ಒಮ್ಮೆ ಗ್ರಹಣದ ಪಾಠದಲ್ಲಿ ಶಾಂತವ್ವನಿಗೆ ನಿದ್ದೆ ಬಂದುಬಿಟ್ಟಿತು. ಅಕ್ಕೋರು ಪಾಠ ನಿಲ್ಲಿಸಿ, "ಸರ, ಇದು ಸರಿ ಆಗಿಲ್ರಿ, ಇನ್ನೊಮ್ಮೆ ಮಾಡೂಣು" ಎಂದರು. ನಮಗೆಲ್ಲ ನಗು, ಅವರಿಗೆ ನಗು ಬರಲಿಲ್ಲ.

ಮೇಣದಬತ್ತಿಯ ಪ್ರಯೋಗವೂ ಹೀಗೇ ನಡೆಯಿತು. ಅದು ಅಕ್ಕೋರಿಗೆ ಬಾಯಿಪಾಠವಾದ ಪ್ರಯೋಗ. ಸೇವೆಗೆ ಸೇರಿದಾಗಿನಿಂದ ವರ್ಷಾ ವರ್ಷಾ ಮಾಡಿದ್ದು. ನಾನೂ ಹೈಸ್ಕೂಲಿನಲ್ಲಿ ಮಾಡಿ ತೋರಿಸಿದ್ದೆ. ಆಮ್ಲಜನಕ ಖಾಲಿಯಾಯಿತು, ನೀರು ಏರಿತು ಎನ್ನುವ ವಿವರಣೆಯನ್ನು ನನ್ನ ಮಾಸ್ತರರು ನನಗೆ ಹೇಳಿದ್ದರು, ನಾನು ಹಾಗೇ ಬರೆದುಕೊಟ್ಟೆ. ಒಂದೇ ಸಲಕ್ಕೆ ಎಲ್ಲವೂ ಸರಿಹೋಯಿತು. ಮದುವೆಗಳ ವಿಡಿಯೋ ಮಾಡಿ ಪಳಗಿದ ಬಸು, ತಾಳಿ ಕಟ್ಟುವುದನ್ನು ಹತ್ತಿರದಿಂದ ಹಿಡಿಯುವ ಹಾಗೆ ಆ ಲೋಟವನ್ನು ಹತ್ತಿರದಿಂದ ಹಿಡಿದಿದ್ದ. ಅಷ್ಟು ಚೆಂದದ ಕಂತು ನಾವು ಅದಕ್ಕೂ ಮೊದಲು ಮಾಡಿರಲಿಲ್ಲ. ಆಮೇಲೂ ಮಾಡಲಿಲ್ಲ.

ಅದು ಟಿವಿಯಲ್ಲಿ ಬಂದ ಮರುದಿನ ಬೆಳಿಗ್ಗೆ ಅಕ್ಕೋರು ರೋಣದಿಂದ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದರು. ಅಂದು ಚಿತ್ರೀಕರಣ ಇರಲಿಲ್ಲ. ನಾನು ಸಾಲಿಯ ಕೋಣೆಯಲ್ಲಿ ಮುಂದಿನ ಪಾಠ ಬರೆಯುತ್ತ ಕೂತಿದ್ದೆ. ಅವರು ಕೂರಲಿಲ್ಲ, ನೀರು ಕುಡಿಯಲಿಲ್ಲ. ಚೀಲದಿಂದ ತಾಟು, ಲೋಟ, ಮೇಣದಬತ್ತಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ಸರ, ಇದನ್ನೊಂದು ನೋಡ್ರಿ."

ಬತ್ತಿ ಹಚ್ಚಿ ಲೋಟ ಬೋರಲು ಹಾಕಿದರು. "ಬತ್ತಿ ಉರ್ಯಾಕತ್ತೈತಿ. ಆಮ್ಲಜನಕ ಖರ್ಚಾಗಾಕತ್ತೈತಿ. ನೀರು ಏರಾಕತ್ತೈತೇನ್ರಿ?"

ಏರುತ್ತಿರಲಿಲ್ಲ. ಬದಲಿಗೆ ಲೋಟದ ಅಂಚಿನಿಂದ ಒಂದೆರಡು ಗುಳ್ಳೆಗಳು ಹೊರಕ್ಕೆ ಬಂದವು. ಬತ್ತಿ ಆರಿತು. ಆಮೇಲೆ ನೀರು ಒಮ್ಮೆಲೇ ಸರ್ರನೆ ಒಳಗೇರಿತು.

"ಖರ್ಚಾಗುವಾಗ ಏರ್ಲಿಲ್ಲ. ಆರಿದ ಮ್ಯಾಲೆ ಏರ್ತು. ಈಗ ಇದನ್ನ ನೋಡ್ರಿ." ತಾಟಿನಲ್ಲಿ ಮೂರು ಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅದೇ ಲೋಟ ಮುಚ್ಚಿದರು. ಈ ಸಲ ನೀರು ಇನ್ನೂ ಮೇಲಕ್ಕೆ ಏರಿತು. "ಗ್ಲಾಸ ಅದೇ, ಒಳಗಿನ ಗಾಳಿ ಅಷ್ಟೇ. ಬತ್ತಿ ಮೂರಾದ್ರ ಆಮ್ಲಜನಕ ಎಲ್ಲಿಂದ ಹೆಚ್ಚು ಬರ್ತೈತ್ರಿ? ಇದು ಕಾವಿನ ಆಟರಿ ಸರ. ಒಳಗಿನ ಗಾಳಿ ಕಾದು ಹಿಗ್ಗಿ ಒಂದೀಟು ಹೊರಗ ಹೋತು. ಆರಿದ ಮ್ಯಾಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗಿತು. ಹೊರಗಿನ ಗಾಳಿ ನೀರನ್ನ ಒಳಗ ನೂಕಿತು. ನಾವು ಹೇಳಿದ್ದು ತಪ್ಪು."

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಇಷ್ಟು ವರ್ಷ ಈ ಪ್ರಯೋಗ ಮಾಡೀನಿ. ಯಾವಾಗ್ಲೂ ಹುಡುಗೂರ ಮಾರಿ ನೋಡೀನಿ, ಗ್ಲಾಸ ನೋಡೇ ಇಲ್ಲ. ನಿನ್ನೆ ಬಾಜೂ ಮನಿಯಾಗ ಎಲ್ಲಾರ ಜೋಡಿ ಕುಂತು ಟಿವಿ ನೋಡಿದ್ನಲ್ಲ, ಆವಾಗ ಮೊದಲನೇ ಸರತಿ ಗ್ಲಾಸ ನೋಡಿದೆ. ಎಲ್ಲಾರು ಚಪ್ಪಾಳಿ ಹೊಡ್ಯಾಕತ್ತಿದ್ರು. ನಂಗ ಅಲ್ಲಿಂದ ಎದ್ದು ಹೋದ್ರ ಸಾಕಾಗಿತ್ತು."

ಒಳ್ಳೆಯ ಶಿಕ್ಷಕರಷ್ಟೇ ಮಾಡಬಹುದಾದ ತಪ್ಪು ಅದು. ನನ್ನದು ಅಂಥ ತಪ್ಪಲ್ಲ. ನಾನು ಮಕ್ಕಳ ಮುಖವನ್ನೂ ನೋಡಿರಲಿಲ್ಲ, ಲೋಟವನ್ನೂ ನೋಡಿರಲಿಲ್ಲ. ನಾಚಿಕೆಯನ್ನು ಮುಚ್ಚಿಕೊಳ್ಳಲು ತಕ್ಷಣ ಹೇಳಿದೆ, "ಅಕ್ಕೋರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಮುಂದಿನ ವಾರದ ಪಾಠದಾಗ ತಿದ್ದಿ ಹೇಳೂಣು."

ಅವರ ಮುಖ ಅರಳಿತು. "ಹಂಗಾದ್ರ ಇವತ್ತು ನಿದ್ದಿ ಹತ್ತತೈತಿ ನೋಡ್ರಿ" ಎಂದರು. ಆಗ ನೀರು ಕುಡಿದರು.

ಆ ಮುಂದಿನ ವಾರ ಬರಲೇ ಇಲ್ಲ. ಅಂದು ಮಧ್ಯಾಹ್ನವೇ ನಮ್ಮ ಇಲಾಖೆಯ ಸಾಹೇಬರ ಫೋನು ಬಂತು. ಮೇಣದಬತ್ತಿಯ ಕಂತು ಎಲ್ಲರಿಗೂ ಹಿಡಿಸಿದೆ, ಅದನ್ನು ಮತ್ತೊಮ್ಮೆ ಹಾಕಿಸೋಣ, ಹೀಗೇ ಮಾಡುತ್ತ ಹೋಗಿ ಎಂದು ಹೊಗಳಿದರು. ಅಷ್ಟು ದೊಡ್ಡವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ, ಸಾಹೇಬರೇ ಅದು ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು ಎಂದು ನಾನೇ ಕಲ್ಪಿಸಿಕೊಂಡೆ. ಕೇಳಿಯೇ ಇರದ ಮನುಷ್ಯನ ಮೇಲೆ ತಪ್ಪು ಹೊರಿಸಿ ಆರಾಮಾಗಿ ಇದ್ದೆ. ಅಕ್ಕೋರು ಕೇಳಿದಾಗ ಒಮ್ಮೆ ಸಮಯ ಸಾಲದು ಎಂದೆ, ಒಮ್ಮೆ ಮೇಲಿನವರನ್ನು ಕೇಳಬೇಕು ಎಂದೆ. ಅವರು ಪ್ರತಿ ಸಲವೂ "ಹೌದ್ರಿ, ನಿಮಗೂ ತ್ರಾಸ ಇರ್ತಾವು" ಎಂದು ನಂಬಿದರು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನನ್ನ ಮನೆಗೆ ಏನೂ ಆಗಲಿಲ್ಲ, ಹಾಳಾದದ್ದು ಬೇರೆಯವರ ನಿದ್ದೆ.

ಸಾಲಿಗಳು ತೆರೆದವು. ಕಾರ್ಯಕ್ರಮ ನಿಂತಿತು. ನಾನು ನನ್ನ ಹೈಸ್ಕೂಲಿಗೆ, ಅಕ್ಕೋರು ತಮ್ಮ ಸಾಲಿಗೆ ಮರಳಿದೆವು. ನನ್ನ ಮಟ್ಟಿಗೆ ಅದು ಮುಗಿದ ಕತೆ. ಅವರ ಮಟ್ಟಿಗೆ ಅಲ್ಲಿಂದ ಶುರುವಾಯಿತು.

ಶನಿವಾರ ಬೆಳಗಿನ ಸಾಲಿ ಬಿಟ್ಟ ಕೂಡಲೇ ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಒಂದು ವಾರ ನರಗುಂದದ ಕಡೆ, ಇನ್ನೊಂದು ವಾರ ಗಜೇಂದ್ರಗಡದ ಕಡೆ. ಮೊದಲೇ ಹೇಳಿಟ್ಟ ಸಾಲಿಯಲ್ಲಿ ಮಾಸ್ತರರು ಹುಡುಗರನ್ನು ಅವರು ಬರುವ ತನಕ ನಿಲ್ಲಿಸಿಕೊಂಡಿರುತ್ತಿದ್ದರು. ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗುವ ಜನರ ನಡುವೆ ಸಿಕ್ಕಿ, ಗಾಜಿನ ಲೋಟವನ್ನು ತಲೆಯ ಮೇಲೆ ಹಿಡಿದು ಬಸ್ಸಿನಲ್ಲಿ ನಿಂತಿದ್ದರೆಂದು ನಮ್ಮ ಮಾಸ್ತರರ ಪೈಕಿ ಒಬ್ಬರು ನಗುತ್ತ ಹೇಳಿದ್ದರು. ಪ್ರಸಾದಕ್ಕೆ ತಂದ ಪಾತ್ರೆ ಎಂದುಕೊಂಡು ಕಂಡಕ್ಟರು ಅದನ್ನು ಹುಷಾರಾಗಿ ಇಸಿದುಕೊಂಡು ತನ್ನ ಸೀಟಿನ ಹತ್ತಿರ ಇಟ್ಟುಕೊಂಡನಂತೆ. ನಾನೂ ಆ ನಗುವಿನಲ್ಲಿ ಸೇರಿಕೊಂಡೆ. ಅವರು ಎಲ್ಲಿಗೆ, ಯಾಕೆ ಹೊರಟಿದ್ದರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಕ್ಕೆ.

ಕಣ್ಣಾರೆ ಕಂಡದ್ದು ಬೆಳವಣಕಿಯಲ್ಲಿ. ನಾನು ಬೇರೆ ಕೆಲಸಕ್ಕೆ ಅಲ್ಲಿಯ ಸಾಲಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಹುಡುಗರು ಗುಂಪಾಗಿ ಕೂತಿದ್ದರು. ನಡುವೆ ತಾಟು ಇಟ್ಟುಕೊಂಡು ಅಕ್ಕೋರು.

"ನನ್ನ ಗುರ್ತ ಹಿಡಿದ್ರೇನು?"

"ಹ್ಞೂಂರಿ, ಟಿವಿ ಅಕ್ಕೋರು."

"ಆ ಟಿವಿಯಾಗ ನಾ ನಿಮಗ ಒಂದು ತಪ್ಪ ಹೇಳೀನಿ. ಅದನ್ನ ತಿದ್ದಾಕ ಬಂದೀನಿ."

ಹುಡುಗರಿಗೆ ಪರಮಾನಂದ. ಅಕ್ಕೋರೇ ತಪ್ಪು ಹೇಳಿದ್ದಾರೆ ಎನ್ನುವುದಕ್ಕಿಂತ ದೊಡ್ಡ ಹಬ್ಬ ಅವರಿಗೆ ಏನಿದೆ? ಕಿಸಿಕಿಸಿ ನಗು. ಅಲ್ಲಿಯ ಮಾಸ್ತರರು ನನ್ನ ಪಕ್ಕದಲ್ಲಿ ನಿಂತವರು ಮೆಲ್ಲಗೆ, "ಇದ್ಯಾಕ ಬೇಕಿತ್ರಿ ಇವ್ರಿಗೆ? ಯಾರಿಗೆ ನೆನಪಿತ್ತು? ತಾವಾಗೇ ಹೆಸರು ಕೆಡಿಸ್ಕೊಳ್ಳಾಕತ್ತಾರ" ಎಂದರು. ಆಗಲೇ ಅವರಿಗೆ 'ತಪ್ಪು ಹೇಳಿದ ಅಕ್ಕೋರು' ಎಂಬ ಹೆಸರು ಬಿದ್ದಾಗಿತ್ತು. ಟಿವಿಯಲ್ಲಿ ಹೇಳಲು ಬರದವರನ್ನು ಯಾಕೆ ಕರೆಸಿದರೋ ಎಂದು ಕೆಲವರು ನನ್ನೆದುರಿಗೇ ಅಂದಿದ್ದರು. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಅಕ್ಕೋರು ತಲೆಯೆತ್ತಿ ಬಾಗಿಲಲ್ಲಿ ನನ್ನನ್ನು ಕಂಡರು. ಬರೆದುಕೊಟ್ಟವರು ಇವರೇ ಎಂದು ಈಗ ಹೇಳುತ್ತಾರೆ ಎಂದುಕೊಂಡೆ, ಹೇಳಿಬಿಡಲಿ ಎಂದೂ ಒಂದು ಕ್ಷಣ ಅನ್ನಿಸಿತು. ಅವರು ಹುಡುಗರ ಕಡೆ ತಿರುಗಿ, "ನೋಡ್ರಿ, ಇವ್ರು ನಮ್ಮ ಕಾರ್ಯಕ್ರಮ ಮಾಡಿದ ಸರ. ಭಾಳ ಕಷ್ಟಪಟ್ಟು ಮಾಡ್ಯಾರ. ಒಂದು ಚಪ್ಪಾಳಿ ಹೊಡೀರಿ" ಎಂದರು. ಹುಡುಗರು ಹೊಡೆದರು. ನಾನು ಕೈ ಮುಗಿದು ನಿಂತೆ. ಚಪ್ಪಾಳೆ ಮುಗಿಯುವ ತನಕ ನಿಂತೆ. ಅಂದಿನ ನನ್ನ ನಗುಮುಖ ನೆನಪಾದರೆ ಈಗಲೂ ಮೈ ಮುದುಡುತ್ತದೆ.

ಅವರು ನಿವೃತ್ತರಾದ ದಿನ ರೋಣದಲ್ಲಿ ಒಂದು ಸಣ್ಣ ಸಮಾರಂಭವಾಯಿತು. ನನಗೆ ಮಾತಾಡಲು ಕೊಟ್ಟರು. ಅಕ್ಕೋರ ಪ್ರಾಮಾಣಿಕತೆಯ ಬಗ್ಗೆ ಸೊಗಸಾಗಿ ಮಾತಾಡಿದೆ. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಗುಣ ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಊಟದ ಹೊತ್ತಿಗೆ ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ಪಕ್ಕದಲ್ಲಿ ಬಗ್ಗಿ ಕೇಳಿದರು.

"ಸರ, ಆ ಪಾಠದ್ದು ಏನಾತ್ರಿ?"

ಹೋಳಿಗೆ ಬಾಯಲ್ಲಿತ್ತು. ಕಾರ್ಯಕ್ರಮ ನಿಂತು ಎಷ್ಟೋ ಕಾಲವಾಗಿತ್ತು, ಆ ವಾಹಿನಿಯೇ ಮುಚ್ಚುತ್ತದೆ ಎಂಬ ಮಾತಿತ್ತು. ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಅವರು ಏನೂ ಬೈಯುತ್ತಿರಲಿಲ್ಲ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮಕ್ಕಳ ಮುಖ ನೋಡುವ ಹಾಗೆ. ಹಬ್ಬದಂಥ ದಿನ ಅವರ ಮನಸ್ಸು ಯಾಕೆ ಸಣ್ಣ ಮಾಡಲಿ ಎಂಬ ನೆಪ ಹುಡುಕಿಕೊಂಡು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ, "ಕಾರ್ಯಕ್ರಮ ಮತ್ತ ಶುರು ಮಾಡ್ತಾರಂತ್ರಿ ಅಕ್ಕೋರ. ಮೊದಲನೇ ಪಾಠ ಅದೇ. ನೀವೇ ಬಂದು ತಿದ್ದಿ ಹೇಳ್ರಿ."

"ಖರೇನ?"

"ಖರೇರಿ."

ಅವರು ನನ್ನ ಭುಜ ಮುಟ್ಟಿ ಮುಂದಿನ ಪಂಕ್ತಿಯ ಕಡೆ ಹೋದರು. ಯಾರೂ ಅಂಥ ಮಾತು ಹೇಳಿರಲಿಲ್ಲ. ಆಗ ಕಾರ್ಯಕ್ರಮ ಶುರು ಮಾಡುವ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ, ನನ್ನ ಬಾಯಲ್ಲಿ ಬಿಟ್ಟರೆ.

ಆಮೇಲೆ ಅವರನ್ನು ನಾನು ಹೆಚ್ಚು ಕಾಣಲಿಲ್ಲ. ಖರೇ ಹೇಳಬೇಕೆಂದರೆ ತಪ್ಪಿಸಿಕೊಂಡು ಓಡಾಡಿದೆ. ರೋಣದ ಪೇಟೆಯಲ್ಲಿ ಆ ಚೀಲ ದೂರದಿಂದ ಕಂಡರೆ ಯಾವುದಾದರೂ ಅಂಗಡಿಗೆ ನುಗ್ಗಿ ಬೇಡದ ವಸ್ತುವಿನ ದರ ಕೇಳುತ್ತ ನಿಲ್ಲುತ್ತಿದ್ದೆ. ನಿವೃತ್ತಿಯ ಮೇಲೂ ಅವರು ಸಾಲಿಗಳಿಗೆ ಹೋಗುತ್ತಿದ್ದಾರೆ ಎಂದು ಕೇಳುತ್ತಿದ್ದೆ. ಈಗ ಶನಿವಾರಕ್ಕೆ ಕಾಯುವ ಅಗತ್ಯವೂ ಇರಲಿಲ್ಲ. ಕಾಲುನೋವು ಹೆಚ್ಚಾಗಿದೆ ಎಂದರು ಯಾರೋ. ದವಾಖಾನೆಯಲ್ಲಿದ್ದಾರೆ ಎಂದರು. ನೋಡಿಕೊಂಡು ಬರಬೇಕು ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಷ್ಟರಲ್ಲಿ ಗುಲಾಬಿ ಹೂವಿನ ಚೌಕಟ್ಟು ಬಂತು.

ಅವರ ದಿನಕರ್ಮಗಳೆಲ್ಲ ಮುಗಿದ ಮೇಲೆ ನರಗುಂದದ ಒಂದು ಸಾಲಿಯ ಮುಖ್ಯೋಪಾಧ್ಯಾಯರು ಫೋನು ಮಾಡಿದರು. ಅಕ್ಕೋರು ಕೊನೆಯದಾಗಿ ಹೋಗಿದ್ದು ಅವರ ಸಾಲಿಗಂತೆ. ಹುಡುಗರು ಬಹಳ ಹಚ್ಚಿಕೊಂಡಿದ್ದಾರೆ, ಕಾರ್ಯಕ್ರಮ ಮಾಡಿದ ನೀವೇ ಬಂದು ಅವರ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದರು. ಈ ಸಲವಾದರೂ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡು ಹೋದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಹೊರಟ ಹಾಗೆ ಎಂದು ಬಸ್ಸಿನ ಉದ್ದಕ್ಕೂ ನನ್ನನ್ನು ನಾನೇ ಅಣಕಿಸಿಕೊಂಡೆ.

ಮುಖ್ಯೋಪಾಧ್ಯಾಯರು ನನ್ನನ್ನು ಪರಿಚಯಿಸಿದರು, "ಇವ್ರು ನಮ್ಮ ಅಕ್ಕೋರ ಟಿವಿ ಕಾರ್ಯಕ್ರಮ ಮಾಡಿದ ಸರ."

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ರಿಬ್ಬನ್ನು ಒಂದರಲ್ಲಿ ಮಾತ್ರ.

"ಸರ, ಅದು ಟಿವಿಯಾಗ ಯಾವಾಗ ಬರತೈತ್ರಿ?"

"ಯಾವುದವ್ವಾ?"

"ತಿದ್ದಿದ್ದು. ಅಕ್ಕೋರು ಹೇಳಿದ್ರು, ಟಿವಿಯವರು ಮತ್ತ ಶುರು ಮಾಡ್ತಾರ, ಮೊದಲನೇ ಪಾಠ ಅದೇ ಐತಿ ಅಂತ. 'ಸರ ಸ್ವತಃ ನನ್ನ ಮುಂದ ಹೇಳ್ಯಾರ, ನೀವು ನೋಡ್ತಾ ಇರ್ರಿ' ಅಂದ್ರು. ನಾವು ದಿನಾ ಮುಂಜಾನೆ ಹಚ್ಚಿ ನೋಡ್ತೀವ್ರಿ. ಬರವಲ್ದು."

ಎಷ್ಟು ಸಾಲಿಗಳಲ್ಲಿ ಹೀಗೆ ಹೇಳಿದ್ದರೋ. ನಾನು ಒಂದು ಹೋಳಿಗೆಯ ದಾಕ್ಷಿಣ್ಯಕ್ಕೆ ಅಂದ ಮಾತನ್ನು ಅವರು ಚೀಲದಲ್ಲಿ ಹಾಕಿಕೊಂಡು ಊರೂರಿಗೆ ಹಂಚಿದ್ದರು. ನಾನು ತಡ ಮಾಡಿದೆ ಎಂದು ಕೂಡ ಅವರು ಯಾರಿಗೂ ಹೇಳಿರಲಿಲ್ಲ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎತ್ತಲೋ ಹೋದವು.

"ಅದು ಬರೂದಿಲ್ಲವ್ವಾ" ಎಂದೆ. "ಆ ಟಿವಿನೇ ಮುಚ್ಚೈತಿ. ಇನ್ನ ಬರೂದಿಲ್ಲ."

ಹುಡುಗಿ ಕೂರಲಿಲ್ಲ. ಪಕ್ಕದವಳನ್ನು ಒಮ್ಮೆ ನೋಡಿದಳು. ಆಮೇಲೆ ಅಳುಕುತ್ತ ಕೇಳಿದಳು.

"ಹಂಗಾರ ಅಕ್ಕೋರು ನಮಗ ಸುಳ್ಳ ಹೇಳಿದ್ರೇನ್ರಿ?"

ಮುಖ್ಯೋಪಾಧ್ಯಾಯರು ಗದರಿಸಲು ಕೈ ಎತ್ತಿದರು. ನಾನು ಬೇಡ ಎಂದು ತಡೆದೆ. ಒಂದು ತಪ್ಪು ಮಕ್ಕಳ ತಲೆಯಲ್ಲಿ ಉಳಿಯಬಾರದೆಂದು ನೋಯುವ ಕಾಲಲ್ಲಿ ಮೂರು ತಾಲ್ಲೂಕು ತಿರುಗಿದ ಹೆಂಗಸು ಅವರು. ಅವರ ಬಾಯಿಂದಲೇ ನಾನು ಈ ಮಕ್ಕಳಿಗೆ ಸುಳ್ಳು ಹೇಳಿಸಿದ್ದೆ.

"ಇಲ್ಲವ್ವಾ. ಅಕ್ಕೋರು ಸುಳ್ಳ ಹೇಳಿಲ್ಲ. ಅವ್ರಿಗೆ ಹಂಗಂತ ಸುಳ್ಳ ಹೇಳಿದವ ನಾನು. ಮೊದಲನೇ ತಪ್ಪನ್ನ ಬರೆದುಕೊಟ್ಟವನೂ ನಾನೇ. ಅವ್ರದು ಒಂದೂ ತಪ್ಪಿಲ್ಲ."

ಆಕೆ ಉಸಿರು ಬಿಟ್ಟಳು. ಪಕ್ಕದವಳ ಕಡೆ ತಿರುಗಿ, "ನಾ ಹೇಳಿದ್ದಿಲ್ಲೇನ, ನಮ್ಮ ಅಕ್ಕೋರು ಸುಳ್ಳ ಹೇಳಾವ್ರಲ್ಲ" ಎಂದು ಕೂತಳು. ಆಮೇಲೆ ನಾನು ಅಲ್ಲಿ ನಿಂತು ಏನೇನು ಮಾತಾಡಿದೆನೋ, ಆಕೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.